ಹೊರಗೆ ಹಚ್ಚಿದ ಫಿಲ್ಟರು

ವಸ್ತುಗಳೆಲ್ಲ ಸರಿಯಾಗಿ ನಡೆಯುತ್ತಿರುವ ಮನೆಯಷ್ಟು ಬೇಸರದ ಜಾಗ ಇನ್ನೊಂದಿಲ್ಲ. ಸಂಸಾರಸ್ಥರು ಈ ಮಾತನ್ನು ಒಪ್ಪಲಿಕ್ಕಿಲ್ಲ. ಅವರಿಗೆ ನಳ ಸೋರಿದರೆ ಸಿಟ್ಟು, ಫ್ಯಾನು ನಿಂತರೆ ಜಗಳ. ಒಬ್ಬನೇ ಇರುವ ನನಗೆ ಹಾಗಲ್ಲ. ನಳ ಸೋರಿತೆಂದರೆ ಒಬ್ಬ ಪ್ಲಂಬರ್ ಬರುತ್ತಾನೆ. ಬಂದವನು "ಯಾವ ಊರಿನವರ್ರಿ ನೀವು?" ಎಂದು ಕೇಳುತ್ತಾನೆ, ಚಹಾ ಕುಡಿಯುತ್ತಾನೆ, ಹಿಂದೆ ಬಂದುಹೋದ ಪ್ಲಂಬರನ ಕೆಲಸ ನೋಡಿ ಹಣೆ ಬಡಿದುಕೊಳ್ಳುತ್ತಾನೆ. ಅರ್ಧ ದಿನ ಮನೆಯಲ್ಲಿ ಎರಡನೆಯ ಧ್ವನಿಯೊಂದು ಇರುತ್ತದೆ. ನಳ ಸರಿಯಾಯಿತೋ, ಅವನೂ ಹೋದ, ಧ್ವನಿಯೂ ಹೋಯಿತು. ಆಮೇಲೆ ಉಳಿಯುವುದು ನಾನು ಮತ್ತು ಗೋಡೆಯ ಮೇಲಿನ ಹಲ್ಲಿ. ಹಲ್ಲಿ ಲೊಚಗುಟ್ಟಿದರೆ ಯಾರೋ ಹ್ಞೂಂಗುಟ್ಟಿದಂತಾಗಿ ಸಮಾಧಾನಪಡುವ ಮಟ್ಟಕ್ಕೆ ನಾನು ಬಂದಿದ್ದೇನೆ.

ವಿಜಯಪುರದ ಜಲನಗರದಲ್ಲಿ ಒಂದು ಮನೆಯ ಕೆಳಭಾಗವನ್ನು ಬಾಡಿಗೆ ಹಿಡಿದು ಇರುವ ಡ್ರಾಯಿಂಗ್ ಮಾಸ್ತರ ನಾನು. ಮದುವೆಯಾಗಲಿಲ್ಲ. ಅದರ ಹಿಂದೆ ಪ್ರೇಮಭಂಗದಂಥ ಘನವಾದ ಕಾರಣವೇನೂ ಇಲ್ಲ. ತಂಗಿಯರದು ಮೊದಲಾಗಲಿ ಎಂದರು, ಆಯಿತು. ಇನ್ನು ನಿನ್ನದಾಗಲಿ ಎನ್ನಬೇಕಾದವರು ಅಷ್ಟರಲ್ಲಿ ತೀರಿಕೊಂಡಿದ್ದರು. ನಾನಾಗಿಯೇ ಎದ್ದು ಹೇಳಿಕೊಳ್ಳಲು ನಾಚಿಕೆಯಾಯಿತು. ಹಾಗೆ ನಾಚಿಕೊಂಡು ಕುಳಿತಲ್ಲೇ ತಲೆ ಬೆಳ್ಳಗಾಯಿತು. ಶಾಲೆಯಲ್ಲಿಯೂ ಡ್ರಾಯಿಂಗ್ ಮಾಸ್ತರನೆಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಗಣಿತದ ಮಾಸ್ತರರು ರಜೆ ಮುಗಿಸಿ ಬಂದರೆ ಉಳಿದ ಪಾಠಕ್ಕೆ ನನ್ನ ಪಿರಿಯಡ್ಡು ಅವರಿಗೆ ಹೋಗುತ್ತದೆ, ನಾನು ರಜೆ ಹಾಕಿದರೆ ಗೊತ್ತಾಗುವುದು ಮರುದಿನ.

ಇಂಥ ನನ್ನ ಬಾಳಿನಲ್ಲಿ ಗದ್ದಲ ಮಾಡುವ ವಸ್ತು ಒಂದೇ ಒಂದು. ಅದು ನನ್ನ ಮೋಟರ್ ಸೈಕಲ್ಲು. ನಿವೃತ್ತರಾಗಿ ಊರಿಗೆ ಹೊರಟ ಪಿ.ಟಿ. ಮಾಸ್ತರರಿಂದ ಕೊಂಡದ್ದು. ಹಳೆಯ ಕಾಲದ ದೊಡ್ಡ ಗಾಡಿ. ಅದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನವರು ಯಾರಾದರೂ ಹತ್ತಿದರೆ ನಿಲ್ಲಿಸಬೇಕಾದಲ್ಲಿ ಗೇರು ಬದಲಿಸಿ ಕಾಂಪೌಂಡಿಗೆ ಹೋಗಿ ಗುದ್ದುತ್ತಾರೆ. ಅದು ಸ್ಟಾರ್ಟ್ ಆದರೆ ಓಣಿಗೆಲ್ಲ ಗೊತ್ತಾಗುತ್ತದೆ. ನಿಂತಲ್ಲಿ ಹನಿ ಹನಿ ಆಯಿಲ್ ಬಿಡುವುದು ಅದರ ಸ್ವಭಾವ. ಆ ಹನಿ ಬೀಳುವ ಜಾಗ ಸರಿಯಾಗಿ ನಮ್ಮ ಮನೆಯ ಮಾಲಕಿ ಶಾಂತಕ್ಕ ದಿನಾ ರಂಗೋಲಿ ಹಾಕುವ ಜಾಗ. "ಮಾಸ್ತರ್ರ, ನಾ ಕಮಲ ಬರದರ ನಿಮ್ಮ ಗಾಡಿ ಅದಕ್ಕ ಕಾಡಿಗಿ ಹಚ್ಚತೈತಿ ನೋಡ್ರಿ" ಎಂದು ಆಕೆ ಮಹಡಿಯಿಂದಲೇ ಹೇಳುತ್ತಾರೆ. ನಾನು ಕೆಳಗಿನಿಂದ ಕ್ಷಮೆ ಕೇಳುತ್ತೇನೆ. ಬಹಳ ದಿನ ನನ್ನ ಬೆಳಗಿನ ಸಂಭಾಷಣೆ ಎಂದರೆ ಇಷ್ಟೇ ಆಗಿತ್ತು.

ವಾರದ ಸಂಭಾಷಣೆ ಬೇರೆ ಇತ್ತು. ತಿಕೋಟಾದಲ್ಲಿ ಮಲ್ಲನಗೌಡ ಎಂಬ ನನ್ನ ಗೆಳೆಯನಿದ್ದಾನೆ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಅವನು ದ್ರಾಕ್ಷಿ ಬೆಳೆಯುತ್ತಾನೆ, ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ರಸ್ತೆಯ ಮೇಲೆ ಅವನ ತೋಟ, ತೋಟದಲ್ಲೇ ಮನೆ. ಅವನ ಬಳಿಯೂ ಇಂಥದೇ ಗಾಡಿ, ಅವನ ಅಪ್ಪನದು. ರವಿವಾರ ಬೆಳಿಗ್ಗೆ ನಾನು ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೋಗುವುದು, ಅಲ್ಲಿಂದ ಇಬ್ಬರೂ ಜೋಡಿಯಾಗಿ ಒಳರಸ್ತೆಯಲ್ಲಿ ಬಬಲೇಶ್ವರಕ್ಕೆ ಹೋಗುವುದು, ಅಲ್ಲೊಂದು ಹೋಟೆಲಿನಲ್ಲಿ ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಿಂದು ಚಹಾ ಕುಡಿಯುವುದು, ಆಮೇಲೆ ಅವನು ಬಂದ ದಾರಿಗೆ, ನಾನು ನೇರ ವಿಜಯಪುರದ ದಾರಿಗೆ. ಇಷ್ಟೇ. ಗಾಡಿ ಓಡಿಸುವಾಗ ಎರಡೂ ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಹೋಟೆಲಿನಲ್ಲಿ ಅವನೇ ಮಾತಾಡುತ್ತಾನೆ. ಆದರೂ ಆ ಅರ್ಧ ದಿನವನ್ನು ನಾನು ಸೋಮವಾರದಿಂದಲೇ ಕಾಯುತ್ತಿದ್ದೆ ಎಂಬುದನ್ನು ಅವನಿಗೆ ಮಾತ್ರ ಯಾವತ್ತೂ ಹೇಳಿರಲಿಲ್ಲ.

ನಮ್ಮ ನಡುವೆ ಜಗಳ ಬಂದದ್ದು ಫಿಲ್ಟರಿನಿಂದ. ಈ ಗಾಡಿಗಳ ಎಂಜಿನ್ನಿನ ಹೊಟ್ಟೆಯೊಳಗೆ ಬಟ್ಟೆಯದೊಂದು ಸಣ್ಣ ಫಿಲ್ಟರು ಇರುತ್ತದೆ. ಆಯಿಲ್ಲಿನಲ್ಲಿಯ ಕಸ, ಕಬ್ಬಿಣದ ಪುಡಿ ಎಲ್ಲವನ್ನೂ ಅದೊಂದೇ ತಡೆಯಬೇಕು. ಅದು ಸಾಲದೆಂದು ಕಾರಿಗಿರುವಂಥ ಫಿಲ್ಟರಿನ ಡಬ್ಬಿಯೊಂದನ್ನು ಎಂಜಿನ್ನಿನ ಹೊರಗೆ ಕೂಡಿಸುವವರಿದ್ದಾರೆ. ಎರಡು ರಬ್ಬರ್ ಪೈಪು: ಒಂದರಲ್ಲಿ ಹೊಲಸು ಆಯಿಲ್ ಡಬ್ಬಿಗೆ ಹೋಗುತ್ತದೆ, ಇನ್ನೊಂದರಲ್ಲಿ ಚೊಕ್ಕ ಆಯಿಲ್ ಎಂಜಿನ್ನಿಗೆ ಮರಳುತ್ತದೆ. ಮೊಬೈಲಿನಲ್ಲಿ ಇದರ ವಿಡಿಯೋ ನೋಡಿ ನೋಡಿ ನನಗೆ ಆಸೆ ಹತ್ತಿತು. ತರಿಸಿದೆ. ಬಂದ ಪೆಟ್ಟಿಗೆಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು, ಹೊಸ ಸೀರೆ ತೋರಿಸಲು ಹೊರಟ ಹೆಂಗಸಿನ ಹುರುಪಿನಲ್ಲಿ, ರವಿವಾರ ಬಬಲೇಶ್ವರದ ಹೋಟೆಲಿನ ಬೆಂಚಿನ ಮೇಲೆ ಬಿಚ್ಚಿದೆ.

ಗೌಡನಿಗೆ ಗಾಡಿಯ ಮೇಲೆ ಹೊಸ ಸ್ಕ್ರೂ ಕಂಡರೂ ಆಗುವುದಿಲ್ಲ. ಕಂಪನಿಯವರು ಹೇಗೆ ಕೊಟ್ಟರೋ ಹಾಗೇ ಇರಬೇಕು ಎನ್ನುವ ಮಡಿವಂತ ಅವನು. ಡಬ್ಬಿಯನ್ನು ಎತ್ತಿ, ತಿರುಗಿಸಿ, ಹಾವು ಹಿಡಿದವನಂತೆ ಎರಡೂ ಪೈಪುಗಳನ್ನು ದೂರ ಹಿಡಿದು ನೋಡಿದ.

"ಏನಲೇ ಇದು? ಸಲಾಯಿನ್ ಹಚ್ಚಾಂವ ಅದೀ ಏನ ಗಾಡಿಗೆ?"

"ಆಯಿಲ್ ಸ್ವಚ್ಛ ಇರತೈತಿ ಗೌಡಾ. ಎಂಜಿನ್ ಬಾಳಿಕಿ ಬರತೈತಿ."

"ನಮ್ಮಪ್ಪ ಇದರ ಮ್ಯಾಲ ಮೂವರು ಮಕ್ಕಳನ್ನ ಸಾಲಿಗೆ ಒಯ್ದಾನ, ಎರಡು ಬೀಗತನ ಮಾಡ್ಯಾನ. ಯಾವ ಡಬ್ಬಿ ಇರಲಿಲ್ಲ. ಇಂಥಾವೆಲ್ಲಾ ಹೊತ್ತು ಹೋಗಲಾರದವರ ಕೆಲಸ." ಆಮೇಲೆ ಹೋಟೆಲಿನವನ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವಂತೆ ಹೇಳಿದ: "ಮನ್ಯಾಗ ಮಾತಾಡಸೋರು ಯಾರೂ ಇಲ್ಲ ನೋಡ್ರಿ ನಮ್ಮ ಮಾಸ್ತರಗ. ಅದಕ್ಕ ನಟ್ಟು ಬೋಲ್ಟು ತರಸಿ ಮಾತಾಡಸತಾನ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಹುಶಃ ಎಲ್ಲರಿಗಿಂತ ಜೋರಾಗಿ ನಕ್ಕೆ. ಆ ನಗು ವಿಜಯಪುರದ ಅರ್ಧ ದಾರಿಯವರೆಗೂ ಮುಖದ ಮೇಲೆ ಉಳಿದಿತ್ತು. ಮನೆಗೆ ಬಂದು ಬೀಗ ತೆಗೆದು, ಚೀಲವನ್ನು ಮೇಜಿನ ಮೇಲಿಟ್ಟು, ಅಭ್ಯಾಸದಂತೆ "ಉಸ್ಸಪ್ಪಾ" ಎಂದೆ. ಯಾರೂ ಏನೂ ಅನ್ನಲಿಲ್ಲ. ಆಗ ಗೌಡನ ಮಾತು ತಾಗಿತು. ಸುಳ್ಳು ಹೇಳಿದ್ದರೆ ನಾನು ಅಲ್ಲೇ ಉತ್ತರ ಕೊಡುತ್ತಿದ್ದೆ.

ಮರು ರವಿವಾರ ನಾನು ಹೋಗಲಿಲ್ಲ. ಅವನು ಫೋನ್ ಮಾಡಿ ಯಾಕೆ ಬರಲಿಲ್ಲ ಎಂದು ಕೇಳುತ್ತಾನೆ, ಆಗ ಸ್ವಲ್ಪ ಬಿಗಿಯಾಗಿ ಮಾತಾಡಬೇಕು ಎಂದು ಯೋಚಿಸಿ ಫೋನನ್ನು ತುಂಬ ಚಾರ್ಜು ಮಾಡಿ ಎದುರಿಗಿಟ್ಟುಕೊಂಡು ಕುಳಿತೆ. ಬಂದದ್ದು ಒಂದೇ ಕರೆ, ಅದೂ ನನಗೆ ಸಾಲ ಬೇಕೇ ಎಂದು ಕೇಳುವ ಧ್ವನಿಮುದ್ರಣ. ಅದು ಮುಗಿಯುವವರೆಗೂ ಕೇಳಿದೆ.

ಹೀಗಾಗಿ ಫಿಲ್ಟರು ಹಚ್ಚಲೇಬೇಕಾಯಿತು. ಈಗ ಅದು ಆಯಿಲ್ಲಿನ ಪ್ರಶ್ನೆಯಾಗಿ ಉಳಿದಿರಲಿಲ್ಲ. ಸೊಲ್ಲಾಪುರ ರಸ್ತೆಯ ಗ್ಯಾರೇಜಿಗೆ ಒಯ್ದಿದ್ದರೆ ಒಂದು ಮುಂಜಾನೆಯ ಕೆಲಸ. ಆದರೆ ನಾನೇ ಮಾಡಿದೆ ಎಂದು ಹೇಳಿಕೊಳ್ಳುವ ಆಸೆ. ಯಾರಿಗೆ ಹೇಳಿಕೊಳ್ಳುವುದು ಎಂಬುದನ್ನು ಆಗ ಯೋಚಿಸಿರಲಿಲ್ಲ. ಅಂಗಳದಲ್ಲಿ ಹಳೆಯ ಪತ್ರಿಕೆ ಹಾಸಿ, ನಟ್ಟು ಬಿಚ್ಚುವ ಪಾನಾಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಗಾಡಿಯ ಮುಂದೆ ಮಣೆ ಹಾಕಿ ಕುಳಿತೆ. ನೋಡುವವರಿಗೆ ಸತ್ಯನಾರಾಯಣ ಪೂಜೆಗೆ ಕುಳಿತಂತೆ ಕಂಡಿರಬೇಕು. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಚಿತ್ರವೊಂದಿತ್ತು, ಇರುವೆ ಗಾತ್ರದ್ದು. ಎಷ್ಟಂದರೂ ಡ್ರಾಯಿಂಗ್ ಮಾಸ್ತರ. ಅದನ್ನು ನೋಡಿ ದೊಡ್ಡ ಹಾಳೆಯ ಮೇಲೆ, ಬಣ್ಣ ಹಾಕಿ, ಹೊಲಸು ಆಯಿಲ್ಲಿಗೆ ಕಂದು, ಚೊಕ್ಕ ಆಯಿಲ್ಲಿಗೆ ಹಳದಿ ಬಾಣದ ಗುರುತು ಹಾಕಿ, ನೆರಳು ಬೆಳಕು ಕೊಟ್ಟು ಬರೆದೆ. ನಾನು ಮನಸ್ಸಿಟ್ಟು ಚಿತ್ರ ಬರೆದು ಬಹಳ ವರ್ಷಗಳಾಗಿದ್ದವು. ಅದನ್ನು ಗೋಡೆಗೆ ಅಂಟಿಸಿ ಕೆಲಸ ಶುರುಮಾಡಿದೆ.

ಗಾಡಿ ಬಿಚ್ಚಿ ಕುಳಿತಾಗ ಒಂದು ಚಮತ್ಕಾರ ನಡೆಯಿತು. ಓಣಿಯಲ್ಲಿ ಹಾದುಹೋಗುವವರೆಲ್ಲ ನಿಂತು ಮಾತಾಡಿಸತೊಡಗಿದರು. ಆಟೋದವನೊಬ್ಬ ಆಟೋ ನಿಲ್ಲಿಸಿ, "ಮಾರಿಬಿಡ್ರಿ ಸರ, ಇವೆಲ್ಲಾ ಈಗ ನಡ್ಯಾಂಗಿಲ್ಲ" ಎಂದು ಬುದ್ಧಿ ಹೇಳಿದ. ಎದುರುಮನೆಯ ಕ್ಲಾರ್ಕು, ವರ್ಷಗಟ್ಟಲೆ ಬರೀ ತಲೆಯಾಡಿಸಿ ಹೋಗುತ್ತಿದ್ದವರು, ಪಾನಾ ಹಿಡಿದು ನನ್ನ ಪಕ್ಕದಲ್ಲೇ ಕುಳಿತುಬಿಟ್ಟರು. ಅವರಿಗೆ ಗೊತ್ತಿದ್ದದ್ದು ಏನೂ ಇಲ್ಲ, ನನಗೂ ಇಲ್ಲ, ಇಬ್ಬರೂ ಸೇರಿ ಬಹಳ ಚರ್ಚಿಸಿದೆವು. ಶಾಂತಕ್ಕ ಮೊದಲ ಸಲ ನನ್ನನ್ನು ಮಾತಾಡಿಸಲೆಂದೇ ಮಹಡಿಯಿಂದ ಕೆಳಗಿಳಿದು ಬಂದು, "ಎಣ್ಣಿ ಸೋರೂದು ನಿಲ್ಲತೈತೇನ್ರಿ ಇದರಿಂದ?" ಎಂದು ಕೇಳಿ, ಒಂದು ಬಟ್ಟಲು ಉಪ್ಪಿಟ್ಟು ಕೊಟ್ಟು ಹೋದರು. ಫಿಲ್ಟರಿಗೂ ಸೋರುವುದಕ್ಕೂ ಸಂಬಂಧವಿಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಒಂದು ತಾಸಿನಲ್ಲಿ ಬಿಗಿಯಬಹುದಾದ ಕ್ಲ್ಯಾಂಪುಗಳನ್ನು ನಾನು ಬಿಗಿಯುವುದು, ಸಡಿಲಿಸುವುದು, ಮತ್ತೆ ಬಿಗಿಯುವುದು ಮಾಡಿ ಕೆಲಸವನ್ನು ವಾರಗಳಿಗೆ ಎಳೆದೆ. ಆದರೂ ಕೆಲಸಕ್ಕೆ ಒಂದು ಕೆಟ್ಟ ಗುಣವಿದೆ, ಅದು ಮುಗಿಯುತ್ತದೆ. ಡಬ್ಬಿ ಕೂತಿತು, ಪೈಪು ಕೂತವು, ಪತ್ರಿಕೆ ಮಡಚಿದೆ. ಮರುದಿನ ಕ್ಲಾರ್ಕು ಮತ್ತೆ ಬರೀ ತಲೆಯಾಡಿಸಿ ಹೋದರು.

ಇನ್ನು ಗಾಡಿಯನ್ನು ದೂರ ಓಡಿಸಿ ನೋಡಬೇಕು. ರವಿವಾರ ಬೆಳಿಗ್ಗೆ ಹೊರಟೆ. ತಿಕೋಟಾದ ಕಡೆಗೆ ಹೋಗುವ ಮಾತೇ ಇಲ್ಲವೆಂದು ನಿಶ್ಚಯಿಸಿ ನೇರ ಬಬಲೇಶ್ವರದ ದಾರಿ ಹಿಡಿದೆ. ನನ್ನ ನಿಶ್ಚಯದ ಒಳಗೆ ಇನ್ನೊಂದು ಲೆಕ್ಕವಿತ್ತು. ಗೌಡ ಎಂದಿನಂತೆ ಆ ಹೋಟೆಲಿಗೆ ಬಂದೇ ಬಂದಿರುತ್ತಾನೆ, ನಾನು ಅವನನ್ನು ನೋಡದವನಂತೆ ಗಾಡಿಯನ್ನು ಡಬ್ಬಿ ಕಾಣುವ ಹಾಗೆ ಓರೆಯಾಗಿ ನಿಲ್ಲಿಸಬೇಕು. ಬೇಕಾದರೆ ಅವನೇ ಮಾತಾಡಿಸಲಿ.

ಹೋಟೆಲಿನ ಮುಂದೆ ಗಾಡಿಯನ್ನು ಓರೆಯಾಗಿಯೇ ನಿಲ್ಲಿಸಿದೆ. ಅವನ ಗಾಡಿ ಇರಲಿಲ್ಲ. ಹೋಟೆಲಿನವನು ಕೈ ಒರೆಸಿಕೊಳ್ಳುತ್ತ ಬಂದು, "ಒಬ್ಬರ ಬಂದೀರಿ? ಗೌಡ್ರೂ ಎರಡ ಮೂರ ವಾರ ಆತು, ಈ ಕಡಿ ಹಣಿಕಿನೂ ಹಾಕಿಲ್ರಿ" ಎಂದ. ನಾನು ಬಾರದಿದ್ದರೂ ಅವನು ಬಂದು ಹಾಯಾಗಿ ಭಜಿ ತಿನ್ನುತ್ತಿರುತ್ತಾನೆ ಎಂದು ಇಷ್ಟು ದಿನ ಕಲ್ಪಿಸಿಕೊಂಡು ಸಿಟ್ಟು ಮಾಡಿಕೊಂಡಿದ್ದೆ. ಅವನೂ ಬಂದಿಲ್ಲವೆಂದ ಮೇಲೆ ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಒಂದು ಪ್ಲೇಟು ಸುಸಲಾ ತಂದಿಟ್ಟ. ಇಬ್ಬರಿದ್ದಾಗ ಸಾಲುತ್ತಿರಲಿಲ್ಲ, ಅಂದು ಮುಗಿಯಲಿಲ್ಲ.

ಹೊರಗೆ ಬಂದವನು ವಿಜಯಪುರದ ಕಡೆಗೆ ತಿರುಗಬೇಕಿತ್ತು. ತಿಕೋಟಾದ ಒಳರಸ್ತೆಗೆ ತಿರುಗಿದೆ. ಗೌಡನ ತೋಟದವರೆಗೆ ಹೋಗುವುದಿಲ್ಲ, ಅರ್ಧಕ್ಕೆ ಮರಳುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ದಾರಿ ದಾಟುವ ಹೊತ್ತಿಗೆ ಎಂಜಿನ್ನಿನಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಸದ್ದು ಬರಬರುತ್ತ ಒಳಗೆ ಯಾರೋ ಸುತ್ತಿಗೆ ಹಿಡಿದು ಕುಳಿತಂತಾಯಿತು. ಗಾಬರಿಯಾಗಿ ಕೂಡಲೇ ಬಂದ್ ಮಾಡಿದೆ. ಕೈ ಹತ್ತಿರ ಒಯ್ದರೆ ಎಂಜಿನ್ನು ರೊಟ್ಟಿಯ ಹಂಚಿನಂತೆ ಸುಡುತ್ತಿತ್ತು. ಕಿಕ್ ಒದ್ದರೆ ಅಲುಗಲಿಲ್ಲ. ಎರಡೂ ಕಡೆ ಬೋಳು ಹೊಲ, ದೂರದಲ್ಲಿ ದ್ರಾಕ್ಷಿಯ ಹಂದರ, ತಲೆಯ ಮೇಲೆ ನಮ್ಮ ಕಡೆಯ ಬಿಸಿಲು. ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಗಾಡಿ ತಳ್ಳಿ, ಅದರ ಪಕ್ಕ ಕುಳಿತೆ. ಎಂಜಿನ್ನು ಆರುತ್ತ ಟಿಣ್ ಟಿಣ್ ಅನ್ನುತ್ತಿತ್ತು. ಅದು ನಿಂತ ಮೇಲೆ ಆ ರಸ್ತೆಯಲ್ಲಿ ಬೇರೆ ಯಾವ ಸಪ್ಪಳವೂ ಇರಲಿಲ್ಲ.

ಯಾರನ್ನು ಕರೆಯಬೇಕು? ಫೋನು ತೆಗೆದು ನೋಡಿದೆ. ಗ್ಯಾಸಿನವರು, ಹೆಡ್ ಮಾಸ್ತರರು, ಹಾಲಿನವನು, ಶಾಂತಕ್ಕ, ತಂಗಿಯರು. ತಂಗಿಯರು ದೂರ, ಹಾಲಿನವನು ಬಂದು ಮಾಡುವುದೇನು? ಉಳಿದದ್ದು ಒಂದೇ ಹೆಸರು. ಅವನ ತೋಟ ಅಲ್ಲಿಂದ ನಡೆದೇ ಹೋಗುವಷ್ಟು ದೂರ. ಆದರೆ ಯಾವ ಮುಖ ಹೊತ್ತು ಹೋಗುವುದು, ಅದೂ ಇದೇ ಫಿಲ್ಟರಿನ ಗಾಡಿ ತಳ್ಳಿಕೊಂಡು?

ಅಷ್ಟರಲ್ಲಿ ಆಡು ಮೇಯಿಸುವ ಅಜ್ಜಿಯೊಬ್ಬಳು ತನ್ನ ಹಿಂಡಿನ ಸಮೇತ ಅದೇ ನೆರಳಿಗೆ ಬಂದಳು. ಕೋಲೂರಿ ನಿಂತು ಮೊದಲು ಗಾಡಿಯನ್ನು, ಆಮೇಲೆ ನನ್ನನ್ನು ನೋಡಿದಳು.

"ಬಂದ್ ಬಿತ್ತೇನೋ ಯಪ್ಪಾ?"

"ಹೌದಬೇ."

"ಯಾ ಊರು?"

"ಬಿಜಾಪುರ."

"ಅಷ್ಟ ದೂರದಿಂದ ಒಬ್ಬನ ಬಂದೀಯಾ? ಹೆಂಡ್ತಿ ಮಕ್ಕಳು ಅದಾರಿಲ್ಲ?"

ಈ ಪ್ರಶ್ನೆಯನ್ನು ಬಸ್ಸಿನಲ್ಲಿ, ಮದುವೆಯ ಊಟದ ಸಾಲಿನಲ್ಲಿ, ದವಾಖಾನೆಯಲ್ಲಿ ಎಷ್ಟೋ ಜನ ಕೇಳಿದ್ದಾರೆ. ಇಲ್ಲ ಎಂದರೆ ಯಾಕೆ ಎಂಬುದು ಬರುತ್ತದೆ, ಆಮೇಲೆ ಅಯ್ಯೋ ಎಂಬುದು. ಅಂದು ಆ ಅಯ್ಯೋ ಕೇಳುವ ತ್ರಾಣ ನನಗಿರಲಿಲ್ಲ.

"ಅದಾರ" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಎರಡು ಮಕ್ಕಳು" ಎಂದೂ ಸೇರಿಸಿದೆ.

ಅಜ್ಜಿಗೆ ಬಹಳ ಸಂತೋಷವಾಯಿತು. "ಹಂಗಾರ ಇಲ್ಲಿ ಯಾಕ ಕುಂತೀಯೋ? ಅವರು ಉಣ್ಣಲಾರದ ನಿನ್ನ ದಾರಿ ಕಾಯತಿರತಾರ. ಯಾರಿಗಾರ ಫೋನ್ ಹಚ್ಚು. ಆ ಪಾಪದ ಹೆಣ್ಣಮಗಳು ಜೀವಾ ಕೈಯಾಗ ಹಿಡಕೊಂಡು ಕುಂತಿರತಾಳ" ಎಂದು ಗದರಿದಳು. ನನಗಾಗಿ ಉಣ್ಣದೆ ಕುಳಿತ ಆ ಪಾಪದ ಹೆಣ್ಣುಮಗಳ ಬಗ್ಗೆ ಒಂದು ಕ್ಷಣ ನನಗೂ ಕೆಟ್ಟೆನಿಸಿತು. ಆ ಕೆಟ್ಟೆನಿಸುವಿಕೆಯ ಬಿಸಿಯಲ್ಲೇ ಗೌಡನಿಗೆ ಫೋನ್ ಮಾಡಿದೆ.

"ಹಲೋ" ಎಂದ. ನನ್ನ ಹೆಸರು ಅವನಿಗೆ ಕಂಡಿರಬೇಕು, ಆದರೂ ಪರಿಚಯವಿಲ್ಲದವನ ಧ್ವನಿ.

"ಗಾಡಿ ನಿಂತೈತಿ" ಎಂದೆ.

"ಎಲ್ಲಿ?"

"ನಿಮ್ಮ ತೋಟದ ಈಚೆ, ಬೇವಿನ ಮರದ ಹತ್ತಿರ."

ಮತ್ತೇನೂ ಕೇಳದೆ ಇಟ್ಟ. ಬರುತ್ತಾನೋ ಇಲ್ಲವೋ ತಿಳಿಯದೆ ನಾನು ಅಜ್ಜಿಯ ಮುಂದೆ ಕುಳಿತಿರಬೇಕಾಯಿತು. ಆಕೆ ಅಷ್ಟರಲ್ಲಿ ನನ್ನ ಮಗಳನ್ನು ಮದುವೆ ಮಾಡಿಕೊಡುವಾಗ ಯಾವ ಯಾವ ವಿಷಯ ನೋಡಬೇಕು ಎಂಬಲ್ಲಿಗೆ ಬಂದಿದ್ದಳು.

ಗೌಡ ದ್ರಾಕ್ಷಿಯ ಕ್ರೇಟು ಸಾಗಿಸುವ ತನ್ನ ಪಿಕಪ್ ಗಾಡಿ ತೆಗೆದುಕೊಂಡು ಬಂದ. ಇಳಿದು ನನ್ನನ್ನು ನೋಡಲಿಲ್ಲ. ನೇರ ಮೋಟರ್ ಸೈಕಲ್ಲಿನ ಹತ್ತಿರ ಹೋಗಿ, ಡಬ್ಬಿಯನ್ನು, ಎರಡೂ ಪೈಪುಗಳನ್ನು ನೋಡಿದ. ನಾನು ಮನಸ್ಸಿನಲ್ಲೇ ಬೆನ್ನು ಗಟ್ಟಿಮಾಡಿಕೊಂಡು ನಿಂತೆ. ಆಗ ಅಜ್ಜಿ ನಡುವೆ ಬಾಯಿ ಹಾಕಿದಳು.

"ಗೌಡ್ರ, ಲಗೂ ಕರಕೊಂಡು ಹೋಗ್ರಿ ಇವರನ್ನ. ಪಾಪ, ಹೆಂಡರು ಎರಡು ಮಕ್ಕಳು ಮನ್ಯಾಗ ದಾರಿ ನೋಡತಿರತಾರಂತ."

ಗೌಡ ತಲೆಯೆತ್ತಿದ. ಈಗ ನನ್ನನ್ನು ನೋಡಿದ. ಹೋಟೆಲಿನಲ್ಲಿ ನಕ್ಕದ್ದಕ್ಕಿಂತ ದೊಡ್ಡ ನಗುವಿಗೆ ಇಲ್ಲಿ ಅವಕಾಶವಿತ್ತು, ಜನ ಕಡಿಮೆ ಇದ್ದರು ಅಷ್ಟೆ. ನಾನು ಆಡುಗಳ ಕಡೆಗೆ ನೋಡಿದೆ.

"ಹೌದಬೇ," ಎಂದ ಗೌಡ, ಏನೂ ಆಗದವನಂತೆ, ಇಲ್ಲದ ನನ್ನ ಹೆಂಡತಿಯನ್ನು ಅತ್ತಿಗೆ ಮಾಡಿಕೊಂಡು. "ಆಗಳೇ ನಮ್ಮನಿಗೆ ಫೋನ್ ಮಾಡಿದ್ರು ವೈನಿ, ಇನ್ನೂ ಬಂದಿಲ್ಲಂತ. ಬಾ ಮಾಸ್ತರ, ಆ ಕಡಿ ಹಿಡಿ."

ಗಾಡಿಯ ಹಿಂಬದಿ ಹಿಡಿದೆ. ಅಜ್ಜಿಯೂ ಕೋಲು ಬಿಸುಟು ಕೈ ಹಚ್ಚಿದಳು.

ಪಿಕಪ್ ಹೊರಟಿತು. ಹಿಂದೆ ನನ್ನ ಗಾಡಿ ಖಾಲಿ ಕ್ರೇಟುಗಳ ನಡುವೆ ಗಡಗಡ ಅನ್ನುತ್ತಿತ್ತು.

"ಎಷ್ಟು ಮಕ್ಕಳು ಅಂತ ಹೇಳಿದಿ?" ಎಂದು ಕೇಳಿದ, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

"ಎರಡು."

"ಗಂಡೋ, ಹೆಣ್ಣೋ?"

"ಒಂದು ಹೆಣ್ಣು. ಆಕಿ ಮದವಿ ಮಾತು ಬಂದಿತ್ತು. ಇನ್ನೊಂದು ಇನ್ನೂ ಗೊತ್ತಾಗಿಲ್ಲ."

ಗೌಡನ ಮೀಸೆ ಅಲುಗಿತು. ಆಮೇಲೆ ಇಬ್ಬರೂ ಎಷ್ಟು ನಕ್ಕೆವೆಂದರೆ ಅವನು ಪಿಕಪ್ಪನ್ನು ಬದಿಗೆ ನಿಲ್ಲಿಸಬೇಕಾಯಿತು. ನಕ್ಕು ಮುಗಿದ ಮೇಲೆ ಸ್ಟೇರಿಂಗನ್ನೇ ನೋಡುತ್ತ, "ಅವತ್ತ ಹೋಟೆಲಿನ್ಯಾಗ ನಾ ಅಂದದ್ದು..." ಎಂದ.

"ಯಾವುದು? ನನಗ ನೆನಪ ಇಲ್ಲ."

"ನೆನಪ ಇಲ್ಲಂದ್ರ ಇಷ್ಟ ವಾರ ಯಾಕ ಬರಲಿಲ್ಲ?"

"ಫಿಲ್ಟರ್ ಹಚ್ಚಾಕತ್ತಿದ್ದೆ."

"ಇಷ್ಟ ವಾರ?"

"ಕೆಲಸ ಸೂಕ್ಷ್ಮ ಇತ್ತು. ನೀ ಯಾಕ ಫೋನ್ ಮಾಡಲಿಲ್ಲ?"

"ನೀ ಎತ್ತಿ 'ನನಗ ನೆನಪ ಇಲ್ಲ' ಅಂತೀ ಅಂತ" ಎಂದು ಗೌಡ ಪಿಕಪ್ ಚಾಲೂ ಮಾಡಿದ.

ತೋಟದ ಮನೆಯ ಮುಂದೆ ಗಾಡಿ ಇಳಿಸಿದೆವು. ಅಷ್ಟರಲ್ಲಿ ಎಂಜಿನ್ನು ತಣ್ಣಗಾಗಿತ್ತು. ಒದ್ದರೆ ಕಿಕ್ ತಿರುಗಿತು. ನನ್ನ ಜೀವವೂ ತಿರುಗಿ ಬಂತು. ಗೌಡನ ಹೆಂಡತಿ ಸುಮಿತ್ರಾ ವೈನಿ ಚಹಾ ತಂದು ಕೊಟ್ಟು, ಡಬ್ಬಿಯನ್ನು ತೋರಿಸಿ, "ಇದೇನ್ರಿ ಮಾಸ್ತರ್ರ ಹೊಸಾದು?" ಎಂದು ಕೇಳಿದರು. ಕೊನೆಗೂ ಒಬ್ಬರು ಕೇಳಿದರಲ್ಲ ಎಂದು ನನಗೆ ಹುರುಪು ಬಂತು. ಗಾಡಿಯ ಮುಂದೆ ಕುಳಿತು ಪಾಠ ಶುರುಮಾಡಿದೆ.

"ನೋಡ್ರಿ ವೈನಿ, ಎಂಜಿನ್ನಿನಿಂದ ಹೊಲಸ ಆಯಿಲ್ ಈ ಪೈಪಿನ್ಯಾಗಿಂದ ಹೊಂಟು, ಡಬ್ಬಿಯೊಳಗ ಬಂದು, ಇಲ್ಲಿ ಸೋಸಿ, ಈ ಪೈಪಿನ್ಯಾಗಿಂದ..."

ಅಲ್ಲಿಗೆ ನನ್ನ ಬೆರಳು ನಿಂತಿತು. ಡಬ್ಬಿಯ ಬಾಯಿಯ ಹತ್ತಿರ ಕಂಪನಿಯವರು ಕೊರೆದ ಒಂದು ಸಣ್ಣ ಬಾಣವಿತ್ತು. ಅದು ನನ್ನ ಬೆರಳಿನ ವಿರುದ್ಧ ದಿಕ್ಕಿಗಿತ್ತು. ಪೆಟ್ಟಿಗೆಯ ಚಿತ್ರ ಗಾಡಿಯನ್ನು ಮುಂದಿನಿಂದ ನೋಡಿದಂತೆ ಇತ್ತು. ನಾನು ಸೀಟಿನ ಕಡೆಯಿಂದ ಕುಳಿತು, ಎಡವನ್ನು ಬಲ ಮಾಡಿ, ಬಲವನ್ನು ಎಡ ಮಾಡಿ, ಬಣ್ಣ ಹಾಕಿ, ನೆರಳು ಬೆಳಕು ಕೊಟ್ಟು, ಎರಡೂ ಪೈಪುಗಳನ್ನು ಅದಲುಬದಲು ಹಚ್ಚಿದ್ದೆ. ಡಬ್ಬಿಯೊಳಗೆ ರಬ್ಬರಿನ ಒಂದು ಬಾಗಿಲಿರುತ್ತದೆ, ಸರಿಯಾದ ದಿಕ್ಕಿನಿಂದ ಬಂದ ಆಯಿಲ್ಲಿಗೆ ತೆರೆಯುತ್ತದೆ, ಎದುರಿನಿಂದ ಬಂದರೆ ಮುಚ್ಚಿಕೊಳ್ಳುತ್ತದೆ. ಸಂದಿಯಿಂದ ಹನಿ ಹನಿ ನುಸುಳಿದ ಆಯಿಲ್ಲಿನ ಮೇಲೆ ಪಾಪದ ಎಂಜಿನ್ನು ಅಲ್ಲಿಯವರೆಗೆ ಬಂದಿತ್ತು.

"ಈ ಪೈಪಿನ್ಯಾಗಿಂದ ಏನಾಗತೈತ್ರಿ?" ಎಂದು ವೈನಿ ಕೇಳಿದರು.

"ಏನೂ ಆಗಾಂಗಿಲ್ರಿ" ಎಂದೆ.

ಗೌಡ ಬಗ್ಗಿ ಬಾಣವನ್ನು ನೋಡಿದ. ಅವನು ಒಂದು ಚೇಷ್ಟೆಯ ಮಾತನ್ನೂ ಆಡದ್ದನ್ನು ತಡೆಯಲಾರದೆ, "ಪಾನಾ ಕೊಡು, ಇದನ್ನ ಕಿತ್ತಿ ಒಗೀತೀನಿ. ನೀ ಹೇಳಿದ್ದ ಖರೆ. ಗಾಡಿ ಹೆಂಗಿತ್ತೋ ಹಂಗ ಇರಬೇಕು" ಎಂದೆ.

"ಏ, ಕೀಳಬ್ಯಾಡ."

"ಯಾಕ?"

"ಇಷ್ಟ ಚಂದ ಹಚ್ಚೀದಿ. ಕ್ಲ್ಯಾಂಪ್ ನೋಡು, ಒಂದು ಹನಿ ಸೋರಿಲ್ಲ. ಪೈಪ್ ಅಷ್ಟ ತಿರುವಿ ಹಾಕು."

"ನಿಮ್ಮಪ್ಪ ಮೂವರು ಮಕ್ಕಳನ್ನ ಸಾಲಿಗೆ ಒಯ್ದಾಗ ಡಬ್ಬಿ ಇತ್ತೇನು?"

"ನಮ್ಮಪ್ಪಗ ಸಿಕ್ಕಿದ್ರ ಹಚ್ಚಿಸ್ತಿದ್ದ. ಎಂಜಿನ್ ಬಾಳಿಕಿ ಬರತೈತಿ."

"ಅದನ್ನ ಹೇಳಿದಾಂವ ನಾನು!"

"ಮತ್ತ ಈಗ್ಯಾಕ ಒಲ್ಲೆ ಅಂತಿ?"

ಹೀಗೆ ಅವನ ವಾದವನ್ನು ನಾನು, ನನ್ನ ವಾದವನ್ನು ಅವನು ಹಿಡಿದು ಮನಸ್ಸು ತಣಿಯುವಷ್ಟು ಜಗಳಾಡಿದೆವು. ವೈನಿ ಒಳಗಿನಿಂದ, "ರೊಟ್ಟಿ ಆರಾಕತ್ತಾವು, ಗೆದ್ದಾಂವರ ಬರ್ರಿ, ಸೋತಾಂವರ ಬರ್ರಿ" ಎಂದು ಕೂಗಿದರು. ಬದನೆಕಾಯಿ ಪಲ್ಯ, ಖಾರದ ಶೇಂಗಾ ಹಿಂಡಿ ಚಟ್ನಿ, ಕೆನೆಮೊಸರು. ನಾನು ಬೇಡವೆನ್ನುವಷ್ಟರಲ್ಲಿ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಉಂಡೆದ್ದು, ಇಬ್ಬರೂ ಸೇರಿ ಪೈಪು ತಿರುವಿ ಹಾಕಿದೆವು. ಅಂದರೆ ಗೌಡ ಗೆದ್ದ. ಗಾಡಿ ಚಾಲೂ ಆಯಿತು. ಎಂಜಿನ್ನಿನೊಳಗೆ ಒಂದು ಸಣ್ಣ ಟಕ್ ಮಾತ್ರ ಉಳಿದುಕೊಂಡಿದೆ. ಅದು ಇನ್ನು ಹೋಗುವುದಿಲ್ಲವಂತೆ.

ಹೊರಟಾಗ ಗೌಡ ತೋಟದ ಗೇಟಿನವರೆಗೆ ನಡೆದುಬಂದ. "ಮುಂದಿನ ರವಿವಾರ ಬರ್ತಿ ಹೌದಿಲ್ಲೋ?" ಎಂದು ಕೇಳಿದ.

ಈ ಒಂದು ಪ್ರಶ್ನೆಗಾಗಿ ನಾನು ಎಷ್ಟೋ ವಾರಗಳಿಂದ ಫೋನು ಚಾರ್ಜು ಮಾಡಿಕೊಂಡು ಕುಳಿತಿದ್ದೆ. ಆದರೆ ಅದು ಕಿವಿಗೆ ಬಿದ್ದ ಕೂಡಲೇ ಎಲ್ಲಿಂದಲೋ ಒಂದು ಗತ್ತು ಬಂದು ಕತ್ತಿನಲ್ಲಿ ಕುಳಿತಿತು. ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, "ನೋಡತೀನಿ. ರವಿವಾರ ಸ್ವಲ್ಪ ಕೆಲಸ ಅದಾವ" ಎಂದೆ. "ಆತು, ನಿನ್ನ ಅನುಕೂಲ ನೋಡು" ಎಂದ ಅವನು. ಅವನ ಮುಖ ಸಣ್ಣದಾದದ್ದನ್ನು ಕಂಡೂ ಕಾಣದವನಂತೆ ಗಾಡಿ ಒದ್ದು ಹೊರಟುಬಿಟ್ಟೆ.

ದ್ರಾಕ್ಷಿ ಹಂದರ ಮುಗಿದು ರಸ್ತೆ ತಿರುಗುವ ಕಡೆ ಅವನ ಗೇಟು ಮರೆಯಾಗುತ್ತದೆ. ಅಲ್ಲಿಯವರೆಗೆ ಹೋಗುವಷ್ಟರಲ್ಲಿ ಮುಂದಿನ ರವಿವಾರ ನನ್ನ ಕಣ್ಣ ಮುಂದೆ ಬಂತು, ಒಗೆದ ಬಟ್ಟೆ ಮಡಚಿಡುವುದರ ಹೊರತು ಅದರಲ್ಲಿ ಏನೂ ಇರಲಿಲ್ಲ. ಗಾಡಿ ನಿಲ್ಲಿಸಿದೆ. ಫೋನು ತೆಗೆದೆ.

"ಯಾಕಲೇ, ಮತ್ತ ಬಂದ್ ಬಿತ್ತೇನು? ಸಪ್ಪಳ ನಿಂತದ್ದು ಕೇಳಿ ನಾ ಬರಾಕತ್ತಿದ್ದೆ" ಎಂದ ಗೌಡ.

"ಗಾಡಿ ಛಲೋ ಐತಿ. ಆ ರವಿವಾರದ ಕೆಲಸ ಹೇಳಿದ್ನಲ್ಲಾ, ಅವು ಮುಗದ್ವು. ಬರ್ತೀನಿ."

ಆ ಕಡೆಯಿಂದ ಗೇಟು ಅಲುಗಿದ ಸದ್ದು ಬಂತು.

"ಗೇಟಿನ ಚಿಲಕ ಇನ್ನೂ ನನ್ನ ಕೈಯಾಗ ಐತಿ. ಇಷ್ಟರಾಗ ಮುಗ್ಯಾಕ ಅವು ಏನ ಕೆಲಸ ಇದ್ವೋ ಮಾರಾಯಾ?"

"ಹಲೋ, ಹಲೋ, ಇಲ್ಲಿ ನೆಟ್‌ವರ್ಕ್ ಇಲ್ಲ, ನಿನ್ನ ಮಾತು ಕೇಳಸವಲ್ದು" ಎಂದು ಗಟ್ಟಿಯಾಗಿ ಕೂಗಿದೆ. ಕೂಗಿದ್ದು ಎಷ್ಟು ಗಟ್ಟಿಯಾಗಿತ್ತೆಂದರೆ ಅಷ್ಟು ದೂರಕ್ಕೆ ಫೋನಿನ ಅಗತ್ಯವೇ ಇರಲಿಲ್ಲ. ಅವನ ನಗು ಮೊದಲು ಹಂದರದ ಮೇಲಿನಿಂದ ಬಂತು, ಆಮೇಲೆ ಫೋನಿನಲ್ಲಿ.